ಅಡ್ಡಗೀಟಿನ ಏಳು

ಕೆಟಲಿನ ಹಬೆ ಕಿಟಕಿಯ ಗಾಜಿಗೆ ತಾಗಿ ನೀರಾಗಿ ಇಳಿಯುತ್ತಿದೆ, ಒಂದು ಗೆರೆ ಓರೆಯಾಗಿ ಜಾರಿ ಕಿಟಕಿಯ ಅಡ್ಡಪಟ್ಟಿಯ ಹತ್ತಿರ ಬಂದು ನಿಂತಿತು, ಏಳರ ಅಂಕಿಯ ಹಾಗೆ, ಮರ್ವ್ ಬರೆಯುವ ಏಳಿನ ಹಾಗೆ, ಸೊಂಟಕ್ಕೊಂದು ಅಡ್ಡಗೀಟು — ಛೆ, ಮತ್ತೆ ಅದೇ, ಗ್ಲೆನಿಸ್ ಬಟ್ಟೆ ತೆಗೆದು ಗಾಜನ್ನು ಒರೆಸಿಬಿಟ್ಟಳು, ಆಚೆ ಸಮುದ್ರ ಬೂದಿ ಕಲಸಿದ ಹಾಗೆ ಇತ್ತು, ಕೆಟಲ್ ಆರಿಸಿದಳು, ಚಹಾ ಮಾಡಲಿಲ್ಲ, ಬೆಳಗಿನಿಂದ ಮೂರನೇ ಸಲ ನೀರು ಕಾಯಿಸಿ ಮೂರನೇ ಸಲ ಮರೆತಳು. ಮೇಜಿನ ಮೇಲೆ ಒಂದು ಕಡೆ ಕವರು, ಅಂಟಿಸಿ ಸ್ಟ್ಯಾಂಪು ಹಚ್ಚಿ ಸಿದ್ಧವಾದದ್ದು, ಮೇಲೆ ಮರ್ವಿನ್ ಎಂಬ ಹೆಸರೊಂದೇ ಇದೆ, ಅದರ ಕೆಳಗೆ ಖಾಲಿ. ಇನ್ನೊಂದು ಕಡೆ ಗೆಳತಿ ನೊಯೆಲಿನಳಿಗೆಂದು ಹೊಲಿದ ಖಾಲಿ ಪುಸ್ತಕ, ಎರಡು ಹಲಗೆಯ ನಡುವೆ, ಮೇಲೆ ಬಟ್ಟೆ ಸುತ್ತಿದ ನಾಲ್ಕು ಇಟ್ಟಿಗೆ, ಅದರ ಮೇಲೆ ಅಮ್ಮನ ಕಾಲದ ಇಸ್ತ್ರಿಪೆಟ್ಟಿಗೆ. ತಮ್ಮ ಮರ್ವ್‌ನ ವಿಳಾಸ ಆ ಪುಸ್ತಕದ ಒಳಗಿದೆ. ಒಳಗೆ ಎಂದರೆ ಹಾಳೆಯಲ್ಲಿ ಅಲ್ಲ, ರಟ್ಟಿಗೆ ಮುಖ ಕೊಟ್ಟು ಅಂಟಿಕೊಂಡಿದೆ, ಅವಳೇ ಅಂಟಿಸಿದ್ದು, ಕಾಗದ ನೀವುವ ಮೂಳೆಪಟ್ಟಿ ಹಿಡಿದು ಒಂದು ಗುಳ್ಳೆಯೂ ಏಳದ ಹಾಗೆ ನೀವಿ ನೀವಿ ಅಂಟಿಸಿದ್ದು. ಗಡಿಯಾರ ಎಂಟೂ ಇಪ್ಪತ್ತು. ಹತ್ತಕ್ಕೆ ನೊಯೆಲಿನ್ ಪುಸ್ತಕ ಒಯ್ಯಲು ಬರುತ್ತಾಳೆ, ಹನ್ನೊಂದಕ್ಕೆ ಅಂಚೆ ಡಬ್ಬಿ ಬಿಚ್ಚುತ್ತಾರೆ, ಇವತ್ತು ಶುಕ್ರವಾರ, ಇವತ್ತು ತಪ್ಪಿದರೆ ಸೋಮವಾರ, ಟಾಸ್ಮೇನಿಯಾದಿಂದ ಕ್ವೀನ್ಸ್‌ಲ್ಯಾಂಡಿಗೆ ಸೋಮವಾರ ಹೊರಟ ಕಾಗದ ಹದಿನೈದನೇ ತಾರೀಖಿನ ಒಳಗೆ ತಲುಪುವುದು ಯಾರ ಪುಣ್ಯ. ಮರ್ವ್ ಪತ್ರದಲ್ಲಿ ಬರೆದದ್ದು, ಹದಿನೈದರ ತನಕ ಈ ಕ್ಯಾರವಾನ್ ಪಾರ್ಕಲ್ಲೇ ಇರ್ತೀನಿ ಗ್ಲೆನ್, ಆಮೇಲೆ ಎಲ್ಲಿಗೋ ಗೊತ್ತಿಲ್ಲ, ಎದೇಲಿ ಏನೋ ಇದೆ ಅಂತಾರೆ ಡಾಕ್ಟ್ರು, ಬರೀಬೇಕು ಅನ್ಸಿದ್ರೆ ಬರಿ, ವಿಳಾಸ ಕವರಿನ ಹಿಂದಿದೆ, ನೀನು ಕವರು ಎಸೆಯೋಳು, ಇದೊಂದ್ಸಲ ಎಸೀಬೇಡ.

ಎಸೆಯಲಿಲ್ಲವಲ್ಲ, ಎಸೆದಿದ್ದರೆ ಕಸದ ಡಬ್ಬಿಯಲ್ಲಾದರೂ ಹುಡುಕಬಹುದಿತ್ತು. ಈಗ ಅವಳು ಯಾವ ಕವರನ್ನೂ ಎಸೆಯುವುದಿಲ್ಲ, ಅದು ಮರ್ವ್‌ಗೆ ಗೊತ್ತಿಲ್ಲ, ಮೂವತ್ತು ವರ್ಷದಲ್ಲಿ ಅವನಿಗೆ ಗೊತ್ತಿಲ್ಲದ್ದು ಎಷ್ಟೋ. ಕಚೇರಿಗಳಿಂದ ಬರುವ ಕವರಿನ ಒಳಮೈಯಲ್ಲಿ ನೀಲಿ ಚಿತ್ತಾರ ಇರುತ್ತದೆ, ಒಳಗಿನ ಅಕ್ಷರ ಹೊರಗೆ ಕಾಣದಿರಲಿ ಎಂದು ಮುದ್ರಿಸಿದ್ದು, ಒಂದರಲ್ಲಿ ಚುಕ್ಕಿ, ಒಂದರಲ್ಲಿ ಬಲೆ, ಒಂದರಲ್ಲಿ ಮೀನಿನ ಮುಳ್ಳು, ಬಿಚ್ಚಿ ಅಗಲಿಸಿ ರಟ್ಟಿನ ಒಳಮೈಗೆ ಅಂಟಿಸಿದರೆ ಅಂಗಡಿಯಲ್ಲಿ ಸಿಗುವ ಯಾವ ಬಣ್ಣದ ಕಾಗದವೂ ಅದರ ಮುಂದೆ ಸಪ್ಪೆ. ಮಂಗಳವಾರದ ಗುಂಪಿನ ಹೆಂಗಸರಿಗೆಲ್ಲ ಆ ಹುಚ್ಚು ಹಿಡಿಸಿದ್ದು ಅವಳೇ, ಸಭಾಭವನದ ಹಿಂದಿನ ಕೋಣೆಯಲ್ಲಿ ಒಂಬತ್ತು ಜನ ಕೂತು ಹಾಳೆ ಮಡಚಿ, ದಬ್ಬಳದಲ್ಲಿ ತೂತು ಹಾಕಿ, ಮೇಣ ಹಚ್ಚಿದ ದಾರದಲ್ಲಿ ಹೊಲಿಯುತ್ತಾರೆ, ಗಂಡಂದಿರಿಗೆ ಬಂದ ಕರೆಂಟು ಬಿಲ್ಲಿನ ಕವರು ಗಂಡಂದಿರಿಗಿಂತ ಮೊದಲು ಇವರ ಕೈಗೆ. ಹಾಗಿರುವಾಗ ಹನ್ನೊಂದು ದಿನದ ಹಿಂದೆ ಬಂತು ಆ ದೊಡ್ಡ ಕವರು, ಎಲ್ಲೋ ಬಳಸಿದ್ದನ್ನೇ ಮೇಲೆ ಚೀಟಿ ಹಚ್ಚಿ ಮತ್ತೆ ಕಳಿಸಿದ್ದು, ಒಳಗೆ ಒಂದು ಪುಟದ ಪತ್ರ, ಜೊತೆಗೆ ಮಡಚದ ಆರು ಹಾಳೆ, ದಪ್ಪ, ಕೆನೆಬಣ್ಣ, ನಮ್ಮ ಕಾಗದದ ಗಿರಣಿಯ ಮೂರನೇ ಯಂತ್ರದ್ದು ಕಣೇ, ಇಷ್ಟು ದಿನ ಹಾಸಿಗೆ ಕೆಳಗೆ ಇಟ್ಕೊಂಡಿದ್ದೆ. ಲಿಂಡ್ಸೆ ಹೋದ ಅಂತ ಹಳೇ ಪೇಪರಲ್ಲಿ ನೋಡ್ದೆ, ಎರಡು ವರ್ಷ ತಡವಾಗಿ, ಒಳ್ಳೇ ಮನುಷ್ಯ — ಅಲ್ಲಿಗೆ ಅವಳ ರಕ್ತ ಕುದಿಯಿತು. ಲಿಂಡ್ಸೆ ಒಳ್ಳೆಯ ಮನುಷ್ಯ ಎಂದು ಹೇಳಲು ಇವನು ಯಾರು, ಗಂಡನ ಹೆಸರು ಎತ್ತಲು ಇವನಿಗೆ ಬಾಯಿ ಹೇಗೆ ಬಂತು, ಪತ್ರವನ್ನು ಚಮಚದ ಡ್ರಾಯರಿಗೆ ತುರುಕಿದಳು, ಕವರನ್ನು ಕತ್ತರಿಸಿದಳು, ಕೈಗೆ ಕೆಲಸ ಬೇಕಿತ್ತು, ಒಳಗೆ ಅಲೆ, ಸಾಲು ಸಾಲು ನೀಲಿ ಅಲೆ, ಅಂಥದ್ದನ್ನು ಅವಳು ಹಿಂದೆ ಕಂಡೇ ಇರಲಿಲ್ಲ, ಕೋಪದಲ್ಲೂ ಕಣ್ಣು ಅದನ್ನು ಮೆಚ್ಚಿತು, ನೊಯೆಲಿನಳ ಪುಸ್ತಕಕ್ಕೇ ಸರಿ ಎಂದುಕೊಂಡಿತು, ಐವತ್ತು ವರ್ಷದ ಹಿಂದೆ ಕ್ಲಾರಿ ಅವಳನ್ನು ಮದುವೆಯಾಗಿ ಹಡಗಿನಲ್ಲಿ ಕರೆದುಕೊಂಡು ಹೋದನಲ್ಲ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡ ಕಥೆಯನ್ನು ಅವಳು ಇನ್ನೂ ಹೇಳುತ್ತಾಳೆ. ಒಂದು ಮೈ ಮುಂದಿನ ರಟ್ಟಿಗೆ, ಒಂದು ಮೈ ಹಿಂದಿನ ರಟ್ಟಿಗೆ. ವಿಳಾಸ ನೋಡಿದಳೇ? ನೋಡಿದಳು, ನೋಡಿದ್ದಳು, ಒಂದು ಏಳು ಇತ್ತು, ನಲವತ್ತೇಳೋ ಎಪ್ಪತ್ತನಾಲ್ಕೋ, ಒಂದು ಹಳ್ಳದ ಹೆಸರು ಇತ್ತು, ಆ ಕಡೆ ಪ್ರತಿ ಊರಿಗೂ ಒಂದು ಹಳ್ಳ. ನಿನ್ನೆ ಫೋನಿನಲ್ಲಿ ಆರು ಕ್ಯಾರವಾನ್ ಪಾರ್ಕಿನವರನ್ನು ಕೇಳಿದಳು, ಮರ್ವಿನ್ ಅನ್ನೋರು ಇದಾರಾ, ವಯಸ್ಸಾದೋರು, ಅಮ್ಮಾ ಇಲ್ಲಿರೋರೆಲ್ಲ ವಯಸ್ಸಾದೋರೇ, ಹೀಗೆಲ್ಲ ಹೆಸರು ಹೇಳಂಗಿಲ್ಲ ನಾವು.

ಏಳಿಗೆ ಅಡ್ಡಗೀಟು ಎಳೆಯುವುದನ್ನು ಗಿರಣಿಯಲ್ಲಿ ಒಬ್ಬ ಪೋಲೆಂಡಿನ ಫಿಟ್ಟರು ಕಲಿಸಿದ್ದು, ಕಾಗದದ ಉರುಳೆಗೆ ಚೀಟಿ ಬರೆಯುವಾಗ ಒಂದು ಯಾವುದು ಏಳು ಯಾವುದು ಗೊಂದಲ ಬೇಡವೆಂದು, ಲಿಂಡ್ಸೆ ನಕ್ಕುಬಿಟ್ಟ, ಮರ್ವ್ ಕಲಿತ. ಇಬ್ಬರೂ ಒಂದೇ ಯಂತ್ರದಲ್ಲಿ, ಭಾನುವಾರ ಇದೇ ಮೇಜಿನ ಸುತ್ತ ಒಂದೇ ಕುರಿತೊಡೆ ಹಂಚಿಕೊಂಡು ತಿಂದವರು. ಒಂದು ಭಾನುವಾರ ಮರ್ವ್ ಆ ತೊಡೆಯ ಮೂಳೆ ಎತ್ತಿಕೊಂಡು ಹಿಂದಿನ ಮೆಟ್ಟಿಲ ಮೇಲೆ ಕೂತ, ಅರದಿಂದ ಉಜ್ಜಿದ, ಮರಳುಕಾಗದದಿಂದ ಉಜ್ಜಿದ, ಮೂರು ವಾರ ಅದೇ ಕೆಲಸ, ತಗೋ ಗ್ಲೆನ್, ಕಾಗದ ಮಡಚೋಕೆ, ಉಗುರು ಸವೆಸ್ಕೋಬೇಡ. ಕಾಗದವನ್ನು ಒದ್ದೆ ಮಾಡಿ ತೋರಿಸಿದವನೂ ಅವನೇ, ನೋಡು, ಯಾವ ಕಡೆ ಸುರುಳಿ ಸುತ್ಕೊಳ್ಳತ್ತೆ, ನಾರು ಆ ದಿಕ್ಕಲ್ಲಿ ಮಲಗಿರತ್ತೆ, ಬೆಕ್ಕಿನ ಮೈ ಸವರಿದ ಹಾಗೆ ಅದರ ದಿಕ್ಕಲ್ಲೇ ಮಡಚು, ಎದುರು ಮಡಚಿದ್ಯೋ ಪುಸ್ತಕ ಸಾಯೋ ತನಕ ಬಾಯಿ ಮುಚ್ಚಲ್ಲ. ಮಂಗಳವಾರದ ಗುಂಪಿಗೆ ಅವಳು ಏನು ಹೇಳಿದ್ದಾಳೆ? ಇದೆಲ್ಲ ನಮ್ಮ ಲಿಂಡ್ಸೆ ಹೇಳಿಕೊಟ್ಟದ್ದು ಎಂದು. ಮೂಳೆಪಟ್ಟಿ ಹೋಬಾರ್ಟಿನ ಅಂಗಡಿಯದು ಎಂದು. ಲಿಂಡ್ಸೆ ಇರುವಾಗಲೂ ಹಾಗೇ ಹೇಳಿದ್ದಳು, ಅವನೆದುರೇ, ಅವನು ಒಮ್ಮೆ ಮೂಳೆಯನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ, ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ. ಆ ಹೆಸರು ಈ ಮನೇಲಿ ಇನ್ಮೇಲೆ ಬೇಡ ಎಂದಿದ್ದನಲ್ಲ, ಮುಷ್ಕರದ ವರ್ಷ, ಅವನ ಮಾತು ಅವನೇ ಮುರಿಯಲಾರ. ಮುಷ್ಕರದ ಐದನೇ ವಾರ. ಗಿರಣಿಯ ಗೇಟಿನ ಎದುರು ಅವಳೂ ನೊಯೆಲಿನಳೂ ದೊಡ್ಡ ಪಾತ್ರೆಯಲ್ಲಿ ಕುಂಬಳಕಾಯಿ ಸೂಪು ಕಾಯಿಸಿ ಬಡಿಸುತ್ತಿದ್ದರು, ಮಳೆ, ಗಂಡಸರೆಲ್ಲ ತೋಳಿಗೆ ತೋಳು ಹೆಣೆದು ನಿಂತಿದ್ದಾರೆ, ಮರ್ವ್ ಬರುತ್ತಾನೆ, ಕಂಕುಳಲ್ಲಿ ಫ್ಲಾಸ್ಕು, ಯಾರೋ ಥೂ ಎಂದರು, ಕ್ಲಾರಿ ಕೂಗಿದ, ಲೋ ಮರ್ವ್, ಆ ಕೋಲು ದಾಟಿದ್ಯೋ ನೀನು ಈ ಊರೋನಲ್ಲ. ಗೇಟಿಗೆ ಅಡ್ಡ ಇಳಿಬಿಟ್ಟ ಕೆಂಪು ಬಿಳಿ ಪಟ್ಟೆಯ ಕೋಲು. ಮರ್ವ್ ಬಗ್ಗಿದ, ಬಗ್ಗುವ ಮುಂಚೆ ತಿರುಗಿ ನೋಡಿದ, ಎಲ್ಲರನ್ನೂ ಅಲ್ಲ, ಅವಳನ್ನು. ಅವಳು ಸೌಟನ್ನು ನೋಡಿದಳು. ಅಷ್ಟೇ. ಸೌಟಿನಲ್ಲಿ ಒಂದು ಮಳೆಹನಿ ಬಿತ್ತು. ಅವಳಿಗೆ ಗೊತ್ತಿತ್ತು, ಅದೇ ಈಗ ಚುಚ್ಚುವುದು, ಊರಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು, ಹಿಂದಿನ ದಿನ ಮಧ್ಯಾಹ್ನ ಇದೇ ಹಿತ್ತಲ ಮೆಟ್ಟಿಲ ಮೇಲೆ ಕೂತು ಹೆಂಡತಿಯ ಕಾಯಿಲೆಯ ವಿಷಯ ಹೇಳಿದ್ದ, ಏವಿಸ್‌ನ ಮೆಲ್ಬರ್ನ್‌ಗೆ ಕರ್ಕೊಂಡು ಹೋಗ್ಬೇಕು ಗ್ಲೆನ್, ಇಲ್ಲಿನ ಡಾಕ್ಟ್ರು ಕೈ ಚೆಲ್ಲಿದಾರೆ, ಯಾರ್ಗೂ ಹೇಳ್ಬೇಡ ಅಂತಾಳೆ ಅವ್ಳು, ದುಡ್ಡು ಬೇಕು, ನಾಳೆ ನಾನು ಕೆಲಸಕ್ಕೆ ಒಳಗೆ ಹೋಗ್ತೀನಿ, ನೀನು ಬೈಬೇಡ, ಬೇರೆ ಏನೂ ಬೇಡ, ನೀನೊಬ್ಳು ನನ್ ಮುಖ ನೋಡು ಸಾಕು. ಮುಖ ನೋಡು ಸಾಕು ಎಂದಿದ್ದ. ಏವಿಸ್ ಮೆಲ್ಬರ್ನಿನಲ್ಲಿ ತೀರಿಕೊಂಡದ್ದನ್ನು ಇವರು ಪೇಪರಿನಲ್ಲಿ ಓದಿದರು. ಆಗಲಾದರೂ ಬಾಯಿ ಬಿಡಬಹುದಿತ್ತು, ಲಿಂಡ್ಸೆಗೆ, ನೊಯೆಲಿನಳಿಗೆ, ಯಾರಿಗಾದರೂ, ಬಿಡಲಿಲ್ಲ, ಒಂದು ತಿಂಗಳು ತಡವಾದ ಮಾತು ಒಂದು ವರ್ಷ ತಡವಾಯಿತು, ಆಮೇಲೆ ಎಣಿಸುವುದನ್ನೇ ಬಿಟ್ಟಳು.

ಒಂಬತ್ತು ಗಂಟೆ. ಇಟ್ಟಿಗೆ ಇಳಿಸು, ಒಂದು, ಎರಡು, ಸುಮ್ಮನೆ ನೋಡುವುದಕ್ಕೆ, ನೋಡಿದರೆ ಏನೂ ಕೆಡುವುದಿಲ್ಲ. ಎಂಥ ಪುಸ್ತಕ, ತನ್ನ ಕೈಯದೇ ಆದರೂ ಹೇಳಬೇಕು, ಬೆನ್ನಿಗೆ ನೊಯೆಲಿನಳ ಹಳೆಯ ಪರದೆಯ ಹಸಿರು ಬಟ್ಟೆ, ಮೂಲೆಗಳು ಕತ್ತಿಯ ಹಾಗೆ, ಹತ್ತು ಮಡಿಕೆಯ ಹಾಳೆಗಳು, ತೆರೆದರೆ ಚಪ್ಪಟೆಯಾಗಿ ಮಲಗುತ್ತದೆ, ಮಧ್ಯಾಹ್ನ ಎರಡಕ್ಕೆ ನೊಯೆಲಿನ್ ಕ್ಲಾರಿಯ ಐವತ್ತನೇ ಮದುವೆ ದಿನದ ಕೂಟ, ಬೌಲ್ಸ್ ಕ್ಲಬ್ಬಿನ ಬಾಗಿಲಲ್ಲಿ ಇದನ್ನು ಇಡುತ್ತಾರೆ, ಬಂದವರೆಲ್ಲ ಒಂದೊಂದು ಸಾಲು ಬರೆಯುತ್ತಾರೆ, ಎಲ್ಲರೂ ಆ ಗೇಟಿನವರೇ, ಉಳಿದವರು, ಊರುಗೋಲು ಹಿಡಿದಾದರೂ ಬರುವವರು. ಅವರ ಕೈ ಓಡಾಡುವ ಪುಸ್ತಕದ ರಟ್ಟಿನಲ್ಲಿ ಮರ್ವ್ ಮುಖ ಅಡಿಯಾಗಿ ಮಲಗಿರುತ್ತಾನೆ — ನಗು ಬಂತು. ಯಾವ ರಟ್ಟು? ಮುಂದಿನದೋ ಹಿಂದಿನದೋ? ಎರಡನ್ನೂ ಕೀಳುವುದಾದರೆ ಪುಸ್ತಕವೇ ಇರುವುದಿಲ್ಲ. ಯೋಚಿಸು, ಕವರಿನ ಹಿಂಭಾಗಕ್ಕೆ ನಡುವೆ ಒಂದು ಜೋಡಣೆ ಇರುತ್ತದೆ, ಕಾಗದದ ಮೇಲೆ ಕಾಗದ ಕೂಡಿದ ಜಾಗ, ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗಬೇಕು, ಮುಂದಿನ ರಟ್ಟಿನ ಅಲೆಯ ಮೇಲೆ ಉಗುರು ಎಳೆದಳು, ನುಣುಪು, ಹಿಂದಿನದರ ಮೇಲೆ ಎಳೆದಳು, ಕಟ್ ಎಂದು ಒಂದು ಮೆಟ್ಟಿಲು. ಇಲ್ಲಿದೆ. ಇನ್ನು ಅಂಟು. ತಾಳ್ಮೆ ಇದ್ದ ದಿನ ಮೈದಾ ಬೇಯಿಸಿ ಮಾಡುತ್ತಾಳೆ, ಅದಾದರೆ ನೀರು ಮುಟ್ಟಿಸಿದರೆ ಬಿಡುತ್ತದೆ, ಅವಸರದ ದಿನ ಡಬ್ಬಿಯ ಬಿಳಿ ಗೋಂದು, ಅದು ಸತ್ತರೂ ಬಿಡುವುದಿಲ್ಲ, ಆ ದಿನ ಅವಸರವಿರಲಿಲ್ಲ, ಕೋಪವಿತ್ತು, ಕೋಪಕ್ಕೆ ಯಾವ ಗೋಂದು? ನೆನಪಿಲ್ಲ. ಬಿಟ್ಟುಬಿಡು ಗ್ಲೆನಿಸ್, ಕೊಟ್ಟುಬಿಡು ಪುಸ್ತಕವನ್ನು, ನಾಳೆ ಕೇಳಿ ಈಸಿಕೊಂಡರಾಯಿತು, ನಾಳೆ ಶನಿವಾರ, ಕೊಟ್ಟ ಮೇಲೆ ಎಪ್ಪತ್ತು ಜನರ ಅಕ್ಷರ ತುಂಬಿದ ಪುಸ್ತಕಕ್ಕೆ ನೀರು ಹಾಕುತ್ತೀಯಾ, ಹಾಕುವುದಿಲ್ಲ, ಇದು ಅವಳಿಗೆ ಚೆನ್ನಾಗಿ ಗೊತ್ತು, ಮತ್ತೆ ಸೌಟನ್ನು ನೋಡುತ್ತಾ ನಿಲ್ಲುವುದಕ್ಕೆ ಇದೊಂದು ನೆವ. ಬೆರಳು ನೀರಿಗೆ ಹೋಯಿತು, ಯಾರು ಕಳಿಸಿದರೋ, ಒಂದು ಹನಿ ರಟ್ಟಿನ ಮೂಲೆಗೆ ಬಿತ್ತು, ಅಲೆಯ ಮೇಲೆ ನಿಜವಾದ ನೀರು, ನೀಲಿ ಕಪ್ಪಾಯಿತು. ತಾಳು. ಇನ್ನೊಂದು ಹನಿ. ಮೂಲೆ ಜಾರಿತು, ಉಗುರಿನಷ್ಟು ಎದ್ದಿತು, ಆಮೇಲೆ ನಿಂತಿತು — ಅಯ್ಯೋ, ಎರಡನ್ನೂ ಬೆರೆಸಿದ್ದಾಳೆ, ಮೈದಾ ಸಾಲದೆ ಬಿಳಿ ಗೋಂದು ಸುರಿದಿದ್ದಾಳೆ. ಒದ್ದೆ ಬಟ್ಟೆ ಹಾಸಿದಳು. ಅದರ ಮೇಲೆ ಅಂಗೈ ಒತ್ತಿ ನಿಂತಳು, ಜ್ವರದವರ ಹಣೆಗೆ ಒತ್ತಿದ ಹಾಗೆ.

ಹಿತ್ತಲ ಬಾಗಿಲು ತಟ್ಟಿದ ಸದ್ದು, ಹತ್ತಾಗಿಲ್ಲ, ಒಂಬತ್ತೂವರೆಯೂ ಆಗಿಲ್ಲ, ಗ್ಲೆನ್, ಇದೀಯೇನೇ, ಬಾಗಿಲು ಹಾಕ್ಕೊಂಡು ಯಾರ್ ಜೊತೆ ಹೊಸ ಸಂಸಾರ ಹೂಡಿದೀಯ, ನಮ್ಮ ಕ್ಲಾರಿ ನೋಡು, ಸೂಟಿನ ಗುಂಡಿ ಹಾಕ್ಕೊಳಕ್ಕಾಗ್ತಿಲ್ಲ, ಐವತ್ತು ವರ್ಷ ನನ್ ಅಡುಗೆ ಬೈದೋನು ಹೆಂಗೆ ಊದ್ದ ಅಂತೀನಿ, ಅಷ್ಟರಲ್ಲಿ ನೊಯೆಲಿನ್ ಒಳಗೇ ಬಂದಿದ್ದಾಳೆ, ಈ ಊರಿನಲ್ಲಿ ಯಾರು ಬಾಗಿಲು ತೆರೆಯಲೆಂದು ಕಾಯುತ್ತಾರೆ, ಕೂದಲಿಗೆ ಸುತ್ತಿದ ಸುರುಳಿಗಳು, ಮೇಲೆ ಸ್ಕಾರ್ಫು, ಕೈಯಲ್ಲಿ ದೊಡ್ಡ ಹ್ಯಾಂಡ್‌ಬ್ಯಾಗು. ಗ್ಲೆನಿಸ್ ಒದ್ದೆ ಬಟ್ಟೆ ತೆಗೆದಳು, ಪುಸ್ತಕ ಮುಚ್ಚಲಿಲ್ಲ. ಮುಚ್ಚಬಹುದಿತ್ತು. ಮೂಳೆಪಟ್ಟಿಯನ್ನು ಎದ್ದ ಮೂಲೆಯ ಕೆಳಗೆ ತೂರಿಸಿದಳು, ನಾರಿನ ದಿಕ್ಕಿನಲ್ಲೇ, ಬೆಕ್ಕಿನ ಮೈ ಸವರಿದ ಹಾಗೆ, ಕಾಗದ ಎದ್ದಿತು, ಪೂರ್ತಿ ಅಲ್ಲ, ದಪ್ಪದಲ್ಲಿ ಸೀಳಿಕೊಂಡು ಎದ್ದಿತು, ಅಲೆಯ ಪದರ ಕೈಗೆ ಬಂತು, ಬರಹದ ಪದರ ರಟ್ಟಿಗೇ ಉಳಿಯಿತು, ತೆಳ್ಳಗೆ, ಈರುಳ್ಳಿ ಸಿಪ್ಪೆಯಷ್ಟು. ಅಯ್ಯೋ ಪಾಪಿ, ನನ್ ಪುಸ್ತಕ, ಏನೇ ಮಾಡ್ತಿದೀಯ, ಹುಚ್ಚು ಹಿಡೀತೇನೇ ನಿಂಗೆ. ಒಂದು ವಿಳಾಸ ಬೇಕಿತ್ತು ನೊಯೆಲಿನ್, ಇದರಲ್ಲಿ ಸೇರಿ ಹೋಗಿತ್ತು. ಯಾರ್ದು ಅಂಥ ವಿಳಾಸ, ರಾಣೀದಾ? ಮರ್ವ್‌ದು. ಈ ಅಡುಗೆಮನೆಯಲ್ಲಿ ಆ ಹೆಸರು ಗಟ್ಟಿಯಾಗಿ ಕೇಳಿ ಎಷ್ಟು ವರ್ಷವಾಯಿತು, ಗೋಡೆಗಳಿಗೇ ಮುಜುಗರ. ನೊಯೆಲಿನ್ ಬ್ಯಾಗನ್ನು ಮೆಲ್ಲಗೆ ಕುರ್ಚಿಯ ಮೇಲಿಟ್ಟಳು. ಇನ್ನೂ ಇದಾನಾ ಅವ್ನು. ಹದಿನೈದರ ತನಕ ಆ ವಿಳಾಸದಲ್ಲಿರ್ತಾನೆ, ಆಮೇಲೆ ಗೊತ್ತಿಲ್ಲ — ಏವಿಸ್‌ಗೆ ಹುಷಾರಿರ್ಲಿಲ್ಲ ನೊಯೆಲಿನ್, ಅದಕ್ಕೇ ದಾಟಿದ್ದು, ಹಿಂದಿನ ದಿನ ನಂಗೆ ಹೇಳಿದ್ದ, ನಂಗೆ ಗೊತ್ತಿತ್ತು, ಸೂಪು ಬಡಿಸ್ತಾ ಇದ್ದಾಗ್ಲೂ ಗೊತ್ತಿತ್ತು. ಹೇಳಿಬಿಟ್ಟಳು, ಇಷ್ಟೇ ಇತ್ತು ಮಾತು, ಒಂದು ಉಸಿರಿನಷ್ಟೂ ಇರಲಿಲ್ಲ. ನೊಯೆಲಿನ್ ಅವಳನ್ನು ನೋಡುತ್ತಿದ್ದಾಳೆ, ಪುಸ್ತಕವನ್ನು ನೋಡುತ್ತಿದ್ದಾಳೆ, ಮತ್ತೆ ಅವಳನ್ನು, ಬೈಯಲಿ, ಎದ್ದು ಹೋಗಲಿ, ಕ್ಲಾರಿಗೆ ಹೇಳಲಿ, ಸಿಪ್ಪೆಯ ಮೇಲೆ ಬಗ್ಗಿದಳು ಗ್ಲೆನಿಸ್, ನೀಲಿ ಶಾಯಿ ಇದೆ, ಸಾಲುಗಳಿವೆ, ಆದರೆ ಎಲ್ಲ ತಿರುವುಮುರುವು, ಹಿಂದಿನಿಂದ ಕಾಣುವ ಅಕ್ಷರ, ಒಂದೂ ಓದಲಾಗದು, ಒಣಗಿದರೆ ಬೆಳ್ಳಗಾಗುತ್ತದೆ, ಒಣಗುವ ಮುಂಚೆ ಓದಬೇಕು. ಹಿಂದೆ ಬ್ಯಾಗಿನ ಕೊಂಡಿ ಕಟ್ ಎಂದಿತು. ಕರವಸ್ತ್ರ, ಔಷಧದ ಡಬ್ಬಿ, ಕೀಲಿಗೊಂಚಲು, ಒಂದೊಂದಾಗಿ ಮೇಜಿನ ಮೇಲೆ ಬಂದವು, ಕೊನೆಗೆ ಪೌಡರಿನ ಡಬ್ಬಿ, ಮುಚ್ಚಳದಲ್ಲಿ ದುಂಡಗಿನ ಕನ್ನಡಿ. ನಾನೇನು ಓದಲ್ಲ, ಎಂದಳು ನೊಯೆಲಿನ್, ಮುಖ ಕಿಟಕಿಯ ಕಡೆ, ನೀನೇ ಓದ್ಕೋ, ಬೇಗ, ಆಮೇಲೆ ನನ್ ಪುಸ್ತಕಕ್ಕೆ ಬೇರೆ ಏನಾದ್ರೂ ಅಂಟಿಸ್ಕೊಡು. ಗ್ಲೆನಿಸ್ ಕನ್ನಡಿಯನ್ನು ರಟ್ಟಿನ ಅಂಚಿಗೆ ಓರೆಯಾಗಿ ನಿಲ್ಲಿಸಿದಳು, ಮೊದಲು ತನ್ನದೇ ಗಲ್ಲ ಕಂಡಿತು, ಸ್ವಲ್ಪ ಬಗ್ಗಿಸಿದಳು, ದೀಪ ಕಂಡಿತು, ಇನ್ನೂ ಸ್ವಲ್ಪ, ಈಗ ಶಾಯಿ, ಈಗ ಒಂದು ಅಂಕಿ, ನೆಟ್ಟಗೆ, ಅವಳ ಕಡೆಗೇ ಮುಖ ಮಾಡಿ, ಪಕ್ಕದಲ್ಲಿ ಏನಿದೆ ನೋಡಬೇಕು, ನೋಡುತ್ತಾಳೆ, ಕಣ್ಣು ಮುಂದೆ ಹೋಗುತ್ತಿಲ್ಲ, ಏಳು, ಗೇಟಿನ ಕೋಲಿನ ಹಾಗೆ ಸೊಂಟಕ್ಕೊಂದು ಅಡ್ಡಗೀಟು, ಅದರ ಕೆಳಗೆ ಬಗ್ಗುವ ಮುಂಚೆ ಮರ್ವ್‌ನ ಹಾಗೆ ತಿರುಗಿ ನೋಡುತ್ತಾ, ಏಳು.