ರಾಹುಕಾಲದಲ್ಲಿ ಹಾಕಿದ ಶೀಟು

ನಾವು ಸುರಪುರದ ಕಡೆಯವರು. ಮಾದನಾಯಕನಹಳ್ಳಿಯ ನಮ್ಮ ಬಾಡಿಗೆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಗೇಣು ಜಾಗ ಬಿಟ್ಟು ಅದರ ಮುಂದೆ ಗೋದಾಮಿನ ಗೋಡೆ ಎದ್ದ ಮೇಲೆ ಹಗಲಿಗೂ ಇರುಳಿಗೂ ವ್ಯತ್ಯಾಸ ಉಳಿಯಲಿಲ್ಲ. ಹೆಂಡತಿ ಸಿದ್ದಕ್ಕನಿಗೆ ಮೊದಲೇ ಕಣ್ಣು ಮಂದ. ಅಕ್ಕಿಯ ಕಲ್ಲನ್ನು ಬೆರಳಿನಿಂದ ತಡವಿ ಆರಿಸುತ್ತಿದ್ದಳು. ಅದನ್ನು ನೋಡಲಾರದೆ ಮಗ ಹನುಮೇಶ, ಮಾಡಿನ ಒಂದು ಸಿಮೆಂಟ್ ಶೀಟು ತೆಗೆದು ಬೆಳಕು ಬಿಡುವ ಪ್ಲಾಸ್ಟಿಕ್ ಶೀಟು ಹಾಕುತ್ತೇನೆಂದ.

ನಾನು ಬೇಡವೆಂದೆ. ಹಿರಿಯ ಮಗ ಕೊಟ್ರೇಶ ಹೋದ ವರ್ಷ ಪೀಣ್ಯದಲ್ಲಿ ಒಂದು ಶೆಡ್ಡಿನ ಮೇಲೆ ಇಂಥದೇ ಕೆಲಸ ಮಾಡುತ್ತಿದ್ದ. ಕೆಳಗಿನಿಂದ ಯಾರೋ ಚಹಾಕ್ಕೆ ಕೂಗಿದರು. ತಿರುಗಿ ನೋಡುತ್ತ ಹೆಜ್ಜೆ ಇಟ್ಟ. ಶೀಟು ಮುರಿಯಿತು. ದೇವರು ಕೊಟ್ಟದ್ದನ್ನು ದೇವರೇ ತೆಗೆದುಕೊಂಡ ಎಂದು ದಿನವೂ ಹೇಳಿಕೊಳ್ಳುತ್ತೇನೆ. ಮನಸ್ಸು ಒಪ್ಪುವುದಿಲ್ಲ.

"ಬೋಲ್ಟಿನ ಸಾಲಿನ ಮ್ಯಾಲೇ ನಡೀತೀನಪ್ಪ. ಅದರ ಕೆಳಗ ಪೈಪ್ ಇರ್ತೈತಿ. ಅಂಜಬ್ಯಾಡ" ಎಂದ ಹನುಮೇಶ.

ಅವನಿಗೆ ರಜೆ ಸೋಮವಾರ. ನಸುಕಿನಲ್ಲೇ ಹತ್ತಿದರೂ ಹೊಸ ಶೀಟು ಕೂರಿಸುವಷ್ಟರಲ್ಲಿ ರಾಹುಕಾಲ ಹಿಡಿದಿತ್ತು. ಸಿದ್ದಕ್ಕ ಕಂಬಳಿ ತಂದು ಮೇಲಕ್ಕೆ ಎಸೆದಳು.

"ಮದಲ್ನೇ ಬೆಳಕು ರಾಹುಕಾಲದಾಗ ಮನಿ ಹೊಗಬಾರ್ದು. ಮುಚ್ಚಿ ಇಳಿದು ಬಾ."

ನಾನೂ ಹೌದೆಂದೆ. ಮನೆಯ ಮಾಲೀಕ ನಲ್ಲಪ್ಪ ಹಲ್ಲುಜ್ಜುತ್ತ ನಿಂತು ನಕ್ಕ. "ಬಿಸ್ಲಿಗೂ ರಾಹುಕಾಲ ನೋಡ್ತೀರಲ್ಲ ತಾತ. ಸೂರ್ಯಂಗೆ ಹೇಳಿದ್ದೀರಾ, ಅಲ್ಲೇ ನಿಂತ್ಕೋ ಅಂತ?"

"ಬಾಡಿಗಿ ಇಸ್ಕೊಳ್ಳಾಕ ನೀನೂ ಅಮಾಸಿ ಬಿಡ್ತೀಯಲ್ಲೋ" ಎಂದಳು ಸಿದ್ದಕ್ಕ. ಅವನು ಬಾಯಿ ಮುಕ್ಕಳಿಸಿ ಹೋದ.

ರಾಹುಕಾಲ ಕಳೆದ ಮೇಲೆ ಹನುಮೇಶ ಕಂಬಳಿ ತೆಗೆಯಲು ಮತ್ತೆ ಹತ್ತಿದ. ನಾನು ಒಳಗೆ ನಿಂತು ಮಾಡು ನೋಡುತ್ತಿದ್ದೆ. ಅಷ್ಟರಲ್ಲಿ ಗಾಳಿ ಕಂಬಳಿಯನ್ನು ಪಕ್ಕಕ್ಕೆ ಎಳೆದಿತ್ತು. ಹಳೆಯ ಶೀಟಿನ ಮೇಲೂ ಹೊಸದರ ಮೇಲೂ ಅದು ಹರಡಿ ಬೋಲ್ಟಿನ ಸಾಲು ಮುಚ್ಚಿಹೋಗಿತ್ತು. ಒಂದು ಅಂಚಿನಲ್ಲಿ ಮಾತ್ರ ಬೆಳಕು ಇಣುಕುತ್ತಿತ್ತು. ಆ ಬೆಳಕಿನಲ್ಲಿ, ಪೈಪಿನಿಂದ ಮೊಳ ದೂರಕ್ಕೆ, ಅವನ ಪಾದದ ನೆರಳು ಬಿತ್ತು. ಪ್ಲಾಸ್ಟಿಕ್ಕು ಬಗ್ಗಿ ಕಿರುಗುಟ್ಟಿತು.

ಕೂಗಲು ಬಾಯಿ ತೆರೆದೆ. ಕೂಗಿದರೆ ತಿರುಗುತ್ತಾನೆ. ಸದ್ದು ಕೇಳಿ ಎದ್ದ ಸಿದ್ದಕ್ಕನ ಬಾಯನ್ನು ಅಂಗೈಯಿಂದ ಮುಚ್ಚಿದೆ. ತಿಂಥಣಿ ಮೌನೇಶ್ವರಾ, ಇವನೊಬ್ಬನನ್ನಾದರೂ ಉಳಿಸು ಎಂದು ಒಳಗೇ ಬೇಡಿದೆ. ನನ್ನ ಊರುಗೋಲಿನ ತುದಿಗೆ ಕಬ್ಬಿಣದ ಕಟ್ಟು ಇದೆ. ಅದನ್ನು ತಲೆಕೆಳಗು ಹಿಡಿದು ಪೈಪಿಗೆ ಮೆಲ್ಲಗೆ ಕುಟ್ಟಿದೆ.

ನೆರಳು ಅಲುಗಲಿಲ್ಲ. ಮತ್ತೆ ಕುಟ್ಟಿದೆ.

"ಪೈಪ್ ಅಲ್ಲೈತೇನಪ್ಪ?" ಮೇಲಿನಿಂದ ಅವನ ದನಿ ಸಣ್ಣಗೆ ಬಂತು.

ಅದೇ ಜಾಗಕ್ಕೆ ಮತ್ತೆ ಕುಟ್ಟಿದೆ. ಪಾದ ಎದ್ದಿತು, ತಡಕಿತು, ಸದ್ದಿನ ಮೇಲೆ ಇಳಿಯಿತು. ಕಿರುಗುಟ್ಟುವುದು ನಿಂತಿತು. ನಾನು ಪೈಪಿನುದ್ದಕ್ಕೂ ಕುಟ್ಟುತ್ತ ಗೋಡೆಯ ಕಡೆಗೆ ಸರಿದೆ. ಮೇಲೆ ಅವನು, ಕಂಬಳಿ ಎಳೆಯುತ್ತ, ಹಿಂದೆಯೇ ಬಂದ.

ಹೊರಗೆ ಓಡಿ ಏಣಿ ಹಿಡಿದೆ.

"ಬೆಳಕು ಬಂತು ನೋಡ್ರಿ" ಎಂದಳು ಸಿದ್ದಕ್ಕ ಒಳಗಿನಿಂದ. "ನನ್ನ ಕೈ ನನಗ ಕಾಣಾಕತ್ತೈತಿ."

"ಬರ್ತೀನಿ ತಡಿ" ಎಂದೆ. ಹನುಮೇಶನ ಎರಡೂ ಪಾದ ನೆಲಕ್ಕೆ ತಾಗಿದವು. ಆಮೇಲೂ ನನ್ನ ಕೈ ಏಣಿಯನ್ನು ಬಿಡಲಿಲ್ಲ. ಅವನೇ ಒಂದೊಂದು ಬೆರಳಾಗಿ ಬಿಡಿಸಿದ.