ಮಕ್ತಲದ ಅಡ್ಡ ಓಣಿ

ಮಹಾಂತಯ್ಯನ ಕಸುಬಿಗೆ ಒಂದೇ ಮಾತಿನ ಹೆಸರಿರಲಿಲ್ಲ. ಊರಂಚಿನ ಬೀಳು ಹೊಲ ಕೊಳ್ಳುವುದು, ಕಲ್ಲು ಆರಿಸಿ ಸಪಾಟು ಮಾಡಿಸುವುದು, ಬಾವಿ ತೋಡಿಸಿ ಓಣಿ ಬಿಡಿಸಿ, ಮನೆ ಕಟ್ಟುವವರಿಗೆ ಜಾಗ ಹಂಚುವುದು. ಮೀಸೆ ಮೂಡಿದಾಗಿನಿಂದ ಇದನ್ನೇ ಮಾಡಿಕೊಂಡು ಬಂದಿದ್ದ. ನಾರಾಯಣಪೇಟೆಯಲ್ಲಿ ನೇಕಾರರ ಹಳೆಯ ಕೇರಿ ಸಾಲದಾದಾಗ ಅವರನ್ನು ಹೊಸ ಓಣಿಗಳಲ್ಲಿ ಕೂಡಿಸಿದವನು ಅವನೇ. ಆಗ ಪಟೇಲ, ಪಟವಾರಿ, ಊರ ಹಿರಿಯರು ನಾಲ್ಕು ಮಂದಿ ಬಂದು ನಿಂತರೆ ಸಾಕಿತ್ತು. ಸುಣ್ಣದ ಗೆರೆ ಬಿದ್ದ ಮರುದಿನವೇ ಬುನಾದಿ ಅಗೆಯುತ್ತಿದ್ದರು.

ಮಕ್ತಲದಲ್ಲೂ ಹಾಗೆಯೇ ಶುರುಮಾಡಿದ. ಊರ ಪಡುವಣಕ್ಕೆ ಕೆಂಪು ನೆಲ ಹಿಡಿದು, ಒಂದೇ ಉದ್ದನೆಯ ಓಣಿ ಬಿಡಿಸಿದ. ನೇಕಾರರಿಗೆ ಬೇಕಾದದ್ದು ಅದೇ. ನೂಲಿನ ಹಾಸನ್ನು ಓಣಿಯುದ್ದಕ್ಕೂ ಬಿಗಿದು, ಗಂಜಿ ಸವರಿ ಒಣಗಿಸುವಾಗ ನಡುವೆ ಬಂಡಿ ದನ ಅಡ್ಡ ಬರಬಾರದು. ಎಲ್ಲರಿಗಿಂತ ಮೊದಲು ಗೋಡೆ ಎಬ್ಬಿಸಿದವಳು ಕುರುಮಮ್ಮ. ಗಂಡ ಸತ್ತ ಮೇಲೆ ತಾನೇ ಮಗ್ಗಕ್ಕೆ ಕೂತು ಸಂಸಾರ ನಡೆಸಿದ ಹೆಂಗಸು. ಮಣ್ಣು ತಾನೇ ತುಳಿದು, ಎದೆಮಟ್ಟ ಗೋಡೆ ಏರಿಸಿದ್ದಳು.

ಅಷ್ಟರಲ್ಲಿ ಸರ್ಕಾರದ ಹೊಸ ಕಾಯ್ದೆ ಬಂತು. ಇನ್ನು ಮೇಲೆ ಹೊಸ ಬಡಾವಣೆ ಎಂದರೆ ನಕ್ಷೆ ಬೇಕು, ನಕ್ಷೆಗೆ ಮಂಜೂರಿ ಬೇಕು. ಉದ್ದ ಓಣಿಯಾದರೆ ನಡುನಡುವೆ ಅಡ್ಡ ಓಣಿ ಬಿಡಬೇಕು, ಪ್ರತಿ ಮನೆಯ ಹಿಂದೆ ಬಯಲಿರಬೇಕು, ಬಚ್ಚಲ ನೀರು ಹೋಗಲು ದಾರಿಯಿರಬೇಕು. ಮಹಾಂತಯ್ಯ ಮಹಬೂಬನಗರದ ಕಚೇರಿಗೆ ಅಲೆದ. ನಕ್ಷೆ ಬರೆಸಿದ, ವಾಪಸ್ಸು ಬಂತು. ತಿದ್ದಿಸಿದ, ಮತ್ತೆ ವಾಪಸ್ಸು ಬಂತು. ಕಚೇರಿಯ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ, ಉಣ್ಣಲು ಮನಸ್ಸಾಗದೆ ಮತ್ತೆ ಕಟ್ಟಿದ ದಿನಗಳೂ ಇದ್ದವು.

ಕೊನೆಗೆ ಸರ್ವೆಯ ಸಾಹೇಬರು ತಾವೇ ಮಕ್ತಲಕ್ಕೆ ಬಂದರು. ಮೆತ್ತಗಿನ ಮನುಷ್ಯ, ಬೂಟು ಕೆಸರಾದರೂ ಗೊಣಗಲಿಲ್ಲ. ಓಣಿಯ ಈ ತುದಿಯಿಂದ ಆ ತುದಿಗೆ ನಡೆದು ನೋಡಿ, "ಪಾನಿ ಕಿಧರ್ ಜಾತಾ, ಬಡೇ ಮಿಯಾ?" ಎಂದು ಕೇಳಿದರು. ನೀರು ಎಲ್ಲಿಗೆ ಹೋಗುತ್ತದೆ?

"ಹ್ಯಾಂಗೋ ಹೋಗ್ತೈತಿ ಸಾಹೇಬ್ರ," ಎಂದ ಮಹಾಂತಯ್ಯ.

ಹೇಳಿದ ಮಾತು ಅವನಿಗೇ ಸರಿಕಾಣಲಿಲ್ಲ. ಪ್ಲೇಗಿನ ವರ್ಷ ಅವನ ಅಣ್ಣನ ಮನೆಮಂದಿಯೆಲ್ಲ ಸತ್ತದ್ದು ಅಂಥದೇ, ಅಡ್ಡ ಓಣಿಯಿಲ್ಲದ ಇಕ್ಕಟ್ಟಿನ ಕೇರಿಯಲ್ಲಿ. ಹೆಣ ಹೊತ್ತವರು ತಿರುಗಲು ಜಾಗವಿಲ್ಲದೆ ಹಿಂದು ಹಿಂದಕ್ಕೆ ನಡೆದಿದ್ದರು. ಕಾಯ್ದೆಯನ್ನು ಬೈದು ಹಗುರಾಗೋಣವೆಂದರೆ ಆ ದಾರಿಯೂ ಅವನಿಗಿರಲಿಲ್ಲ.

ಸಾಹೇಬರು ನಕ್ಷೆಯಲ್ಲಿ ಗುರುತು ಹಾಕಿಸಿದ ಅಡ್ಡ ಓಣಿ ನೇರವಾಗಿ ಕುರುಮಮ್ಮನ ಗೋಡೆಯ ಮೇಲೆಯೇ ಬಂತು.

ಅಡ್ಡ ಓಣಿಯ ಸುದ್ದಿ ಕೇಳಿ, ನಾರಾಯಣಪೇಟೆಯಿಂದ ಬರಬೇಕಿದ್ದ ನೇಕಾರರಲ್ಲಿ ಅರ್ಧ ಮಂದಿ ಬರುವುದಿಲ್ಲವೆಂದರು. ಹಾಸಿನ ನಡುವೆ ಬಂಡಿ ಹೊಡೆಯುವ ಓಣಿ ತಮಗೇತಕ್ಕೆ? ಕುರುಮಮ್ಮನಿಗೆ ಹೇಳಲು ಮಹಾಂತಯ್ಯನಿಗೆ ಬಾಯಿ ಬರಲಿಲ್ಲ. ಆಕೆ ಮಣ್ಣು ಕಲೆಸುತ್ತಲೇ ಇದ್ದಳು. ಇವನು ಆ ಕಡೆಗೆ ಹೋಗುವುದನ್ನೇ ಬಿಟ್ಟ.

ಆಗ ಗದ್ವಾಲದಿಂದ ಅವನ ಹೆಂಡತಿಯ ತಮ್ಮ ವೀರಯ್ಯ ಹೇಳಿಕಳಿಸಿದ. ಅದು ಗದ್ವಾಲ ರಾಜರ ಸಂಸ್ಥಾನದ ಸೀಮೆ, ಅಲ್ಲಿಗೆ ಈ ಕಾಯ್ದೆ ಇನ್ನೂ ಬಂದಿರಲಿಲ್ಲ. ಮಹಾಂತಯ್ಯ ಜೂರಾಲದ ಹತ್ತಿರ ಹರಗೋಲಿನಲ್ಲಿ ಕೃಷ್ಣೆ ದಾಟಿದ. ವೀರಯ್ಯ ಅವನನ್ನು ಹೊಳೆದಂಡೆಯ ಕರಿನೆಲಕ್ಕೆ ಕರೆದೊಯ್ದು ಕೈಚಾಚಿದ.

"ನೋಡ್ರಿ ಮಾವ, ಇಷ್ಟೂ ನಮ್ಮ ಕೈಯಾಗ ಐತಿ. ನಿಮಗ ಬೇಕಾದಂಗ ಓಣಿ ಬಿಡ್ರಿ. ಇಲ್ಲಿ ಕೇಳಾಂವ ಒಬ್ಬನೂ ಇಲ್ಲ."

ಮಹಾಂತಯ್ಯನಿಗೆ ಎದೆಯ ಮೇಲಿನ ಬಂಡೆ ಸರಿದಂತಾಯಿತು. ಉತ್ಸಾಹದಿಂದ ಹೊಲದ ತುಂಬ ತಿರುಗಾಡಿದ. ಅಂಚಿನಲ್ಲಿ ಹುಣಸೆಮರವೊಂದಿತ್ತು. ಅದರ ಬೊಡ್ಡೆಗೆ, ಅವನ ತಲೆಗಿಂತ ಎತ್ತರದಲ್ಲಿ, ಒಣಗಿದ ಮೆಕ್ಕಲು ಮಣ್ಣೂ ಕಸಕಡ್ಡಿಯೂ ಮೆತ್ತಿಕೊಂಡಿದ್ದವು.

"ಹೊಳಿ ಇಲ್ಲೀತನ ಬರ್ತೈತೇನು?"

"ಯಾವಾಗರ ಒಮ್ಮೆ ಬರ್ತೈತಿ. ಅದನ್ನೆಲ್ಲ ಯಾರು ನೋಡ್ತಾರ ಮಾವ?"

ಮಹಾಂತಯ್ಯ ಆ ಮಣ್ಣನ್ನು ಉಗುರಿನಿಂದ ಕೆರೆದ. ಮೊದಲಿನ ದಿನಗಳಾಗಿದ್ದರೆ ಇದು ತನ್ನ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ ಎನಿಸಿತು. ಈಗ ಸಾಹೇಬರ ಆ ಒಂದು ಪ್ರಶ್ನೆ ಕಿವಿಯೊಳಗೆ ಹೊಕ್ಕು ಕೂತಿತ್ತು.

"ನನ್ನ ಕೈಲಿ ಆಗಂಗಿಲ್ಲೋ ವೀರಯ್ಯ," ಎಂದ.

"ಯಾಕ, ಅಲ್ಲಿ ಏನು ಸುಖ ಐತಂತ ಹೊಂಟ್ರಿ?"

"ಸುಖ ಎಲ್ಲೂ ಇಲ್ಲ ಬಿಡಪ್ಪ. ಅಲ್ಲಿ ಒಬ್ಬಾಕಿ ಗೋಡಿ ಕಟ್ಟಾಕ ಹತ್ಯಾಳ. ಬ್ಯಾಡಂತ ಹೇಳಬೇಕು."

ವೀರಯ್ಯ ಮುಖ ತಿರುಗಿಸಿದ. ಊಟಕ್ಕೂ ನಿಲ್ಲದೆ ಮಹಾಂತಯ್ಯ ಹರಗೋಲು ಹತ್ತಿದ.

ಕುರುಮಮ್ಮ ಅವನ ಮಾತನ್ನು ಪೂರಾ ಕೇಳಿದಳು. ಆಮೇಲೆ ಮಣ್ಣಿನ ಕೈಯನ್ನು ಸೊಂಟಕ್ಕಿಟ್ಟು ನಿಂತಳು.

"ಅಯ್ನೋರ, ಈ ಜಾಗ ತೋರಿಸಿದವರು ಯಾರು?"

"ನಾನಽ."

"ಕಟ್ಟು ಅಂದವರು?"

"ನಾನಽ ತಾಯಿ."

"ಮತ್ತ ಮಳಿ ಬಂದು ಗೋಡಿ ಬಿದ್ದಿದ್ರ ದೇವ್ರನ್ನ ಬೈತಿದ್ದೆ. ಈಗ ಯಾರಿಗೆ ಬೈಲಿ?"

"ನನಗಽ ಬೈಯಿ. ನಾ ಇಲ್ಲೇ ನಿಂತೀನಿ."

ಬೈದಳು. ಮನಸ್ಸು ತೀರುವಷ್ಟು ಬೈದಳು. ಕನ್ನಡದಲ್ಲಿ ಸಾಲದೆ ತೆಲುಗಿನಲ್ಲೂ ಬೈದಳು. ಮಹಾಂತಯ್ಯ ತಲೆ ಬಗ್ಗಿಸಿ ನಿಂತು ಕೇಳಿದ. ದನಿ ಕುಗ್ಗಿದ ಮೇಲೆ, ಬಾವಿಯ ಮಗ್ಗುಲಿನ ಎತ್ತರದ ಜಾಗವನ್ನು ತೋರಿಸಿದ. ಅದನ್ನು ತನ್ನ ಮನೆಗೆಂದು ಇಟ್ಟುಕೊಂಡಿದ್ದ; ಹೆಂಡತಿ ಶಿವಬಸಮ್ಮ ಆಗಲೇ ಅಲ್ಲೊಂದು ಕರಿಬೇವು ನೆಟ್ಟಿದ್ದಳು.

"ಅಮ್ಮಾರು ಒಪ್ಪತಾರೇನು?" ಎಂದಳು ಕುರುಮಮ್ಮ.

"ಒಪ್ಪಂಗಿಲ್ಲ. ನಾ ಹೇಳ್ಕೋತೀನಿ."

ಮರುದಿನ ಇಬ್ಬರೂ ಸೇರಿ ಗೋಡೆ ಕೆಡವಿದರು. ಹಸಿ ಮಣ್ಣು ಸುಲಭವಾಗಿ ಕುಸಿಯಿತು. ಕಷ್ಟವಾದದ್ದು ಬುನಾದಿಯ ಕಲ್ಲು. ಒಂದೊಂದನ್ನೂ ಬಾವಿಯ ತನಕ ಉರುಳಿಸಿದರು. ಮಹಾಂತಯ್ಯನ ಸೊಂಟ ಹಿಡಿಯಿತು, ಕೂತ, ಮತ್ತೆ ಎದ್ದ. ಶಿವಬಸಮ್ಮ ಗಂಡನ ಹತ್ತಿರ ಮಾತು ಬಿಟ್ಟಿದ್ದಳು. ಆದರೂ ಮಧ್ಯಾಹ್ನ ಇಬ್ಬರಿಗಾಗುವಷ್ಟು ರೊಟ್ಟಿ, ಪುಂಡಿಪಲ್ಲೆ ಕಟ್ಟಿ ಕಳಿಸಿದ್ದಳು.

ಮಂಜೂರಿ ಬಂದದ್ದು ಸುಗ್ಗಿಯ ನಂತರ. ಬರುವುದಿಲ್ಲವೆಂದ ನೇಕಾರರಲ್ಲಿ ಕೆಲವರು ಬಂದರು, ಕೆಲವರು ನಾರಾಯಣಪೇಟೆಯಲ್ಲೇ ಉಳಿದರು. ನೆರೆಯ ಊಟ್ಕೂರಿನವರು ತಮ್ಮಲ್ಲೂ ಒಂದು ಬಡಾವಣೆ ಮಾಡಿಕೊಡಿರೆಂದು ಕೇಳಿದಾಗ ಮಹಾಂತಯ್ಯ ಇನ್ನು ತನ್ನಿಂದಾಗದೆಂದು ಕೈಮುಗಿದು ಕಳಿಸಿದ.

ಹೊಸ ಓಣಿಯಲ್ಲಿ ಮೊದಲ ಹಾಸು ಹಾಕಿದ ಬೆಳಿಗ್ಗೆ ಅವನು ಓಣಿ ಬದಿಯ ಕಟ್ಟೆಯ ಮೇಲೆ ಕೂತಿದ್ದ. ಕೆಂಪು ನೂಲು ಓಣಿಯುದ್ದಕ್ಕೂ ಬಿಗಿದು ನಿಂತಿತ್ತು. ಕುರುಮಮ್ಮನೂ ಇನ್ನೊಬ್ಬಳೂ ಎರಡೂ ಬದಿಗೆ ಗಂಜಿ ಸವರುತ್ತ ಸಾಗಿದ್ದರು. ಅಡ್ಡ ಓಣಿಯಿಂದ ಜೋಳದ ಬಂಡಿಯೊಂದು ಬಂದು ನೂಲಿನ ಮುಂದೆ ನಿಂತಿತು. ಬಂಡಿಯವನು ಪೆದ್ದಯ್ಯ ಎಂಬ ಮುದುಕ.

"ಏ, ದಾರಿ ಬಿಡ್ರಿ! ಬಂಡಿ ಹೋಗಾಕ ಸರ್ಕಾರ ಮಾಡಿದ ಓಣಿ ಇದು!"

"ಗಂಜಿ ಒಣಗಲಿ ತಡಿಯೋ ಯಪ್ಪ. ಈಗ ಬಿಚ್ಚಿದ್ರ ನೂಲೆಲ್ಲ ಹಾಳಾಗತೈತಿ," ಎಂದಳು ಕುರುಮಮ್ಮ ತಿರುಗಿಯೂ ನೋಡದೆ.

ಪೆದ್ದಯ್ಯ ಮಹಾಂತಯ್ಯನ ಕಡೆ ತಿರುಗಿ ನ್ಯಾಯ ಕೇಳಿದ. ಮಹಾಂತಯ್ಯ ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ.

"ಎತ್ತು ಬಿಚ್ಚಿ ಕೂಡ್ರಪ್ಪ. ಬಿಸಲು ಚಲೋ ಐತಿ, ಲಗೂನ ಒಣಗತೈತಿ."

ಮುದುಕ ಗೊಣಗುತ್ತಲೇ ನೊಗ ಇಳಿಸಿದ.