ಜಾಡಿಯೊಳಗಿನ ಗಂಟೆ

ಶಾಲೆಯಲ್ಲಿ ಅವರಿಗೆ ಗಂಟೆ ಮೇಷ್ಟ್ರು ಎಂದೇ ಹೆಸರು. ಪ್ರತಿ ವರ್ಷ ಒಂಬತ್ತನೇ ತರಗತಿಯಲ್ಲಿ ಶಬ್ದದ ಪಾಠ ಬಂದಾಗ ಅವರು ಗಾಜಿನ ಜಾಡಿಯೊಳಗೆ ವಿದ್ಯುತ್ ಗಂಟೆಯೊಂದನ್ನು ತೂಗುಬಿಟ್ಟು, ಪಂಪಿನಿಂದ ಗಾಳಿಯನ್ನು ಹೊರಗೆಳೆದು, ಅದರ ಸದ್ದು ಅಡಗಿಹೋಗುವುದನ್ನು ತೋರಿಸುತ್ತಿದ್ದರು. ಗಾಳಿಯಿಲ್ಲದೆ ಶಬ್ದ ಸಾಗದು ಎಂದು ಪುಸ್ತಕ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದನ್ನು ಮೇಷ್ಟ್ರು ಮಕ್ಕಳ ಕಿವಿಗೇ ಮುಟ್ಟಿಸುತ್ತಿದ್ದರು. ಬೇರೆಯವರ ಪ್ರಯೋಗಗಳು ಆಗಾಗ ಕೈಕೊಡುತ್ತಿದ್ದವು. ಇವರದು ಮಾತ್ರ ವರ್ಷಗಳಿಂದ ಒಮ್ಮೆಯೂ ತಪ್ಪಿದ್ದಿಲ್ಲ.

ತಪ್ಪುವುದಾದರೂ ಹೇಗೆ? ತಪ್ಪದ ಹಾಗೆ ಅವರೇ ನೋಡಿಕೊಂಡಿದ್ದರು. ಹನ್ನೊಂದು ವರ್ಷದ ಹಿಂದೆ ಪಂಪಿನ ಚರ್ಮದ ವಾಷರ್ ಒಣಗಿ ಬಿರುಕುಬಿಟ್ಟಿತು. ಎಷ್ಟು ಎಳೆದರೂ ಜಾಡಿಯಲ್ಲಿ ಗಾಳಿ ಉಳಿದು ಗಂಟೆ ಬಡಿದುಕೊಳ್ಳುತ್ತಲೇ ಇತ್ತು, ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಮರುದಿನವೇ ಇನ್‌ಸ್ಪೆಕ್ಟರ್ ಬರುವವರಿದ್ದರು. ಮೇಷ್ಟ್ರು ಬ್ಯಾಟರಿಯಿಂದ ಗಂಟೆಗೆ ಹೋಗುವ ತಂತಿಗೆ ಒಂದು ರೆಗ್ಯುಲೇಟರ್ ಸೇರಿಸಿ ಮೇಜಿನ ಅಡಿಗೆ ಬಿಗಿದರು. ಬಲಗೈ ಪಂಪು ಎಳೆಯುತ್ತಿದ್ದರೆ ಎಡಗೈ ಮೆಲ್ಲಗೆ ಕರೆಂಟು ಇಳಿಸುತ್ತಿತ್ತು. ಸದ್ದು ಸಣ್ಣಗಾಗಿ ನಿಂತೇಹೋಯಿತು, ಇನ್‌ಸ್ಪೆಕ್ಟರ್ ಬೆನ್ನು ತಟ್ಟಿದರು. ಒಂದು ಸಲಕ್ಕೆಂದು ಮಾಡಿದ್ದು ಹನ್ನೊಂದು ವರ್ಷ ನಡೆಯಿತು. ಹೇಳುವ ಮಾತು ನಿಜ ತಾನೇ, ತೋರಿಸುವುದರಲ್ಲಿ ಒಂಚೂರು ಹೆಚ್ಚುಕಮ್ಮಿಯಾದರೆ ಯಾರಿಗೇನು ನಷ್ಟ ಎಂದು ಅವರು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

ಈ ವರ್ಷ ಮುಂದಿನ ಬೆಂಚಿನಲ್ಲಿ ಗುಬ್ಬಿ ಕೂತಿದ್ದಳು. ಬಟ್ಟೆ ಹೊಲಿಯುವವಳ ಮಗಳು, ತರಗತಿಗೆಲ್ಲ ಕುಳ್ಳಿ, ಅದಕ್ಕೇ ಆ ಹೆಸರು. ಪ್ರಯೋಗದ ಪುಸ್ತಕದಲ್ಲಿ ಅವಳು ಹೀಗೆ ಬರೆದಿದ್ದಳು: ‘ಗಾಳಿ ಎಳೆದಂತೆ ಸದ್ದು ಕಡಿಮೆಯಾಯಿತು. ಆದರೆ ಗಂಟೆಯ ಪುಟ್ಟ ಸುತ್ತಿಗೆಯೂ ನಿಧಾನವಾಗಿ ಕೊನೆಗೆ ನಿಂತುಬಿಟ್ಟಿತು. ಸುತ್ತಿಗೆ ಬಡಿಯದಿದ್ದರೆ ಗಾಳಿಯಿದ್ದರೂ ಸದ್ದು ಬರುವುದಿಲ್ಲ. ಆದ್ದರಿಂದ ಈ ಪ್ರಯೋಗದಿಂದ ಏನು ತಿಳಿಯಿತೆಂದು ನನಗೆ ತಿಳಿಯಲಿಲ್ಲ.’

ಓದಿದ ಮೇಷ್ಟ್ರಿಗೆ ಕಿವಿ ಬಿಸಿಯಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರೂ ಮೇಜಿನ ಅಡಿಗೆ ಕೈ ಹಾಕಿ ರೆಗ್ಯುಲೇಟರನ್ನು ಮುಟ್ಟಿ ನೋಡಿಕೊಂಡರು. ಮರುದಿನ ಆ ಬರಹವನ್ನು ತರಗತಿಯೆದುರು ಗಟ್ಟಿಯಾಗಿ ಓದಿದರು.

“ಏನಮ್ಮ ಗುಬ್ಬಿ, ಕಣ್ಣು ಮನೇಲಿಟ್ಟು ಬಂದಿದ್ಯಾ? ಸುತ್ತಿಗೆ ಬಡೀತಾನೇ ಇತ್ತು. ಇಷ್ಟು ಜನ ಸರಿಯಾಗಿ ಬರ್ದಿದಾರೆ, ನಿನಗೊಬ್ಬಳಿಗೆ ಬೇರೆ ಕಂಡಿದ್ದು ಹೇಗೆ?”

ತರಗತಿ ಗೊಳ್ಳೆಂದು ನಕ್ಕಿತು. ಗುಬ್ಬಿ ಪುಸ್ತಕ ಇಸಿದುಕೊಂಡು, ಹೇಳಿದಂತೆಯೇ ದುಂಡಗೆ ಮತ್ತೆ ಬರೆದುಕೊಟ್ಟಳು.

ವಾರ ಕಳೆದ ಮೇಲೆ ಅವಳ ತಾಯಿ ಶಾಲೆಗೆ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು.

“ಗುಬ್ಬಿ ವಿಷ್ಯ ಸರ್. ತನ್ನ ಕಣ್ಣು ಸರಿ ಇಲ್ಲ ಅಂತ ಒಂದೇ ಹಟ. ಡಾಕ್ಟರಿಗೆ ತೋರಿಸ್ದೆ. ಕೊನೇ ಸಾಲಿನ ಅಕ್ಷರಾನೂ ಓದಿದ್ಲು. ಏನೂ ಇಲ್ಲ ಅಂದ್ರು. ಇವಳು ಒಪ್ತಿಲ್ಲ.”

“ಯಾಕಂತೆ?”

“ಇಲ್ಲದ್ದೆಲ್ಲ ಕಾಣುತ್ತೆ ಅಂತಾಳೆ. ಮೊದ್ಲು ನನಗೆ ಸೂಜಿಗೆ ದಾರ ಪೋಣಿಸಿಕೊಡ್ತಿದ್ದೋಳು, ಈಗ ನೀಲಿ ಬಟ್ಟೆ ಕೈಲಿ ಹಿಡ್ಕೊಂಡು, ಇದು ನೀಲಿ ತಾನೇ ಅಂತ ನನ್ನ ಕೇಳ್ತಾಳೆ. ನಿಮ್ಮ ಮಾತಂದ್ರೆ ಅವಳಿಗೆ ವೇದವಾಕ್ಯ. ನೀವೇ ಒಂದು ಮಾತು ಹೇಳಿ ಸರ್.”

ಮೇಷ್ಟ್ರಿಗೆ ಅವಳ ಮುಖ ನೋಡಲಾಗಲಿಲ್ಲ. ಟೇಪಿನ ಅಂಕಿಗಳನ್ನು ನೋಡುತ್ತ, “ಹೇಳ್ತೀನಮ್ಮ” ಎಂದರು.

ಹೇಳಿದರು ಕೂಡ, ಆದರೆ ಹೇಡಿಯ ಹಾಗೆ. ಗುಬ್ಬಿಯೊಬ್ಬಳನ್ನೇ ಕರೆದು, “ನಿನ್ನ ಕಣ್ಣು ಚೆನ್ನಾಗೇ ಇದೆ, ಸುಮ್ನೆ ತಲೆ ಕೆಡಿಸ್ಕೋಬೇಡ” ಎಂದರು.

“ಹಾಗಾದ್ರೆ ಸುತ್ತಿಗೆ ನಿಂತಿತ್ತಾ ಸರ್?”

ನಾಲಿಗೆ ತುದಿಗೆ ಬಂದದ್ದನ್ನು ಮೇಷ್ಟ್ರು ನುಂಗಿಕೊಂಡರು. “ಪಾಠ ಓದ್ಕೋ, ಹೋಗು” ಎಂದು ಕಳಿಸಿಬಿಟ್ಟರು. ಅವಳು ಬಾಗಿಲ ಹತ್ತಿರ ನಿಂತು ಒಮ್ಮೆ ಕಣ್ಣುಜ್ಜಿಕೊಂಡು ಹೋದಳು. ಅದನ್ನು ನೋಡಿ ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

ಮನೆಯಲ್ಲಿ ತಟ್ಟೆಯ ಅನ್ನವನ್ನು ಸುಮ್ಮನೆ ಕಲಸುತ್ತ ಕೂತರು. ಹೆಂಡತಿ ಬಿಡದೆ ಕೇಳಿದಾಗ ಹನ್ನೊಂದು ವರ್ಷದ ಕಥೆಯನ್ನೆಲ್ಲ ಹೇಳಿದರು. ಬೈಯುತ್ತಾಳೆಂದುಕೊಂಡಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಅಲ್ರೀ, ಆ ಮಗೂ ಕಣ್ಣು ಸರಿಯಿದೆ ಅಂತ ಗೊತ್ತಿರೋದು ಇಬ್ಬರಿಗೆ. ಒಬ್ಬರು ಡಾಕ್ಟರು, ಇನ್ನೊಬ್ಬರು ನೀವು. ಡಾಕ್ಟರು ಹೇಳಿ ಆಯ್ತು” ಎಂದು ತಟ್ಟೆಯೆತ್ತಿಕೊಂಡು ಹೋದಳು.

ಮರುದಿನ ಮೇಷ್ಟ್ರು ಮೊದಲನೇ ಪೀರಿಯಡ್ಡಿಗೇ ಮೇಜಿನ ಅಡಿಯಿಂದ ರೆಗ್ಯುಲೇಟರನ್ನು ಬಿಚ್ಚಿ ಎಲ್ಲರಿಗೂ ಕಾಣುವಂತೆ ಮೇಲಿಟ್ಟರು. ತಂತಿಯನ್ನು ಬ್ಯಾಟರಿಗೆ ನೇರವಾಗಿ ಕೊಟ್ಟು ಬೆವರಿಳಿಯುವ ತನಕ ಪಂಪು ಎಳೆದರು. ಸದ್ದು ಅರೆಪಾಲು ಇಳಿಯಿತು, ಅಷ್ಟೇ.

“ಗಾಳಿ ಪೂರ್ತಿ ಹೋದ್ರೆ ಸದ್ದು ಕೇಳಲ್ಲ, ಆಗಲೂ ಸುತ್ತಿಗೆ ಬಡೀತಾ ಇರೋದು ಕಾಣ್ಬೇಕು. ಅದೇ ಪ್ರಯೋಗ. ಈ ಪಂಪು ಕೆಟ್ಟಿದೆ. ಅವತ್ತು ನಾನೇ ಕರೆಂಟು ಇಳಿಸಿ ಸುತ್ತಿಗೆ ನಿಲ್ಲಿಸ್ದೆ. ಗುಬ್ಬಿ ಕಂಡಿದ್ದೇ ಬರ್ದಿದ್ಲು. ನಾನು ಸುಳ್ಳು ಹೇಳಿ ಅವಳಿಗೆ ಅವಮಾನ ಮಾಡ್ದೆ. ತಪ್ಪು ನಂದು.”

ಭೂಮಿ ಬಾಯಿಬಿಟ್ಟಿದ್ದರೆ ಮೇಷ್ಟ್ರು ಆ ಕ್ಷಣವೇ ಇಳಿದುಬಿಡುತ್ತಿದ್ದರು. ಅವಳೊಬ್ಬಳ ಕಣ್ಣು ಎಷ್ಟು ಚುರುಕೆಂದು ಎಲ್ಲರಿಗೂ ತಿಳಿಯಲೆಂದು, “ಅವತ್ತು ಸುತ್ತಿಗೆ ನಿಂತಿದ್ದನ್ನ ಅವಳನ್ನ ಬಿಟ್ಟು ಬೇರೆ ಯಾರಾದ್ರೂ ನೋಡಿದ್ರಾ?” ಎಂದು ಕೇಳಿದರು.

ಎರಡನೇ ಬೆಂಚಿನಿಂದ ಒಂದು ಕೈ ಅರ್ಧ ಎದ್ದಿತು. ಆಮೇಲೆ ಕಿಟಕಿ ಪಕ್ಕದಿಂದ ಮೂರು. ಸ್ವಲ್ಪ ಹೊತ್ತಿಗೆ ತರಗತಿ ತುಂಬ ಕೈಗಳೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ?

“ನೋಡಿದ್ಮೇಲೆ ಬಡೀತಾ ಇತ್ತು ಅಂತ ಯಾಕ್ರೋ ಬರೆದ್ರಿ?” ಮೇಷ್ಟ್ರ ದನಿ ಅವರಿಗೇ ಕೇಳದಷ್ಟು ಸಣ್ಣಗಾಗಿತ್ತು.

ಕೊನೇ ಬೆಂಚಿನ ಉದ್ದದ ಹುಡುಗ ಎದ್ದು ನಿಂತ. “ನಮ್ಮಣ್ಣನ ಪುಸ್ತಕ ನೋಡಿ ಬರೆದೆ ಸರ್. ಅವನ ಕ್ಲಾಸಲ್ಲೂ ಎಲ್ಲಾ ನೋಡಿದ್ರಂತೆ. ಹೇಳಿದ್ರೆ ನಿಮಗೆ ಬೇಜಾರಾಗುತ್ತೆ, ಸುಮ್ನಿರು ಅಂದ.”

ಗುಬ್ಬಿ ಹಿಂದಕ್ಕೆ ತಿರುಗಿ ಒಂದೊಂದೇ ಕೈಯನ್ನು ನೋಡುತ್ತ ಹೋದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು.

“ಎಲ್ಲರಿಗೂ ಕಂಡಿದ್ರೆ, ಅವತ್ತು ನನ್ನ ನೋಡಿ ಯಾಕೆ ನಕ್ಕರು ಸರ್?”

ಮೇಷ್ಟ್ರು ತಲೆ ತಗ್ಗಿಸಿದರು. “ನಾನು ನಗಿಸ್ದೆ ಅಂತ ನಕ್ಕರಮ್ಮ” ಎಂದರು.